ಸಪ್ಲೈ ಚೈನ್ ಹೆಡ್ ಆದವರು ಮೊದಲು ಏನಾಗಿದ್ದರು?

ಪ್ರಶ್ನೆ: ನನಗೆ 31 ವರ್ಷ. ಮೆಕ್ಯಾನಿಕಲ್ ಬಿಇ ಮುಗಿಸಿ, ಪೀಣ್ಯದ ಒಂದು ಆಟೋ ಬಿಡಿಭಾಗಗಳ ಕಂಪನಿಯಲ್ಲಿ ಏಳು ವರ್ಷದಿಂದ ಪ್ರೊಡಕ್ಷನ್ ಪ್ಲಾನಿಂಗ್ ನೋಡಿಕೊಳ್ಳುತ್ತಿದ್ದೇನೆ. ಸಾಮಗ್ರಿ ಕೊಳ್ಳುವುದರಿಂದ ಸರಕು ತಲುಪಿಸುವವರೆಗಿನ ಕೆಲಸ ನೋಡುವ ಸಪ್ಲೈ ಚೈನ್ ಹೆಡ್ ಅಥವಾ ಕಂಪನಿಯ ಇಡೀ ಕಾರ್ಯಾಚರಣೆ ನೋಡುವ ಸಿಒಒ ಆಗಬೇಕೆಂಬ ಆಸೆ ಇದೆ. ಆ ಕುರ್ಚಿಗೆ ಹೋದವರೆಲ್ಲ ಎಲ್ಲಿಂದ ಶುರು ಮಾಡಿದರು? ಐಐಎಂ ಡಿಗ್ರಿ ಇಲ್ಲದೆ ಅಲ್ಲಿಗೆ ಹೋಗಲು ಆಗುತ್ತದಾ? ಈಗ ನನ್ನ ಮುಂದೆ ಎರಡು ದಾರಿ ಇವೆ. ಒಂದು ಐಟಿ ಕಂಪನಿ, ಖರೀದಿ, ಸ್ಟಾಕ್, ಲೆಕ್ಕ ನೋಡಿಕೊಳ್ಳುವ ಸಾಫ್ಟ್‌ವೇರ್ ಆದ ಎಸ್‌ಎಪಿ ಕನ್ಸಲ್ಟೆಂಟ್ ಕೆಲಸ ಕೊಡುತ್ತೇನೆ, ಸಂಬಳವೂ ಜಾಸ್ತಿ ಅನ್ನುತ್ತಿದೆ. ನಮ್ಮ ಕಂಪನಿಯವರು ಈಗಿನ ಸಂಬಳಕ್ಕೇ ಕೋಲಾರದ ವೇಮಗಲ್‌ನ ಹೊಸ ಪ್ಲಾಂಟ್‌ಗೆ ಹೋಗಿ ಪರ್ಚೇಸ್ ನೋಡಿಕೋ ಅನ್ನುತ್ತಿದ್ದಾರೆ. ಯಾವುದನ್ನು ಹಿಡಿಯಲಿ?

ಉತ್ತರ: ನಿಮ್ಮ ಕಂಪನಿಯವರು ಕೊಟ್ಟ ದಾರಿಯನ್ನು ನೀವು ಎರಡನೆಯದಾಗಿ ಬರೆದಿದ್ದೀರಿ. ಸಂಬಳ ಏರದ ಕಾರಣ ಅದು ನಿಮಗೆ ಸಣ್ಣದಾಗಿ ಕಂಡಿರಬಹುದು. ನನಗೆ ಅದೇ ದೊಡ್ಡದು ಅನ್ನಿಸುತ್ತಿದೆ. ಯಾಕೆ ಅಂತ ಹೇಳುವ ಮೊದಲು, ನೀವು ಕೇಳಿದ ಮೊದಲ ಪ್ರಶ್ನೆಗೆ ಬರುತ್ತೇನೆ.

‘ಸಪ್ಲೈ ಚೈನ್ ಮ್ಯಾನೇಜ್‌ಮೆಂಟ್’ ಅನ್ನುವ ಹೆಸರು ಬಳಕೆಗೆ ಬಂದದ್ದೇ 1982ರಲ್ಲಿ. ಕೀತ್ ಆಲಿವರ್ ಎಂಬ ಕನ್ಸಲ್ಟೆಂಟ್ ಒಂದು ಪತ್ರಿಕೆಯ ಸಂದರ್ಶನದಲ್ಲಿ ಆ ಮಾತನ್ನು ಬಳಸಿದರು. ಅಲ್ಲಿಯವರೆಗೆ ಇದ್ದದ್ದು ಸ್ಟೋರ್ಸ್, ಪರ್ಚೇಸ್, ಪಿಪಿಸಿ (ಪ್ರೊಡಕ್ಷನ್ ಪ್ಲಾನಿಂಗ್ ಅಂಡ್ ಕಂಟ್ರೋಲ್), ಡಿಸ್ಪ್ಯಾಚ್. ಒಂದೊಂದಕ್ಕೂ ಬೇರೆ ಬೇರೆ ಕೋಣೆ, ಬೇರೆ ಬೇರೆ ಬಾಸ್. ಹಾಗಾಗಿ ಈಗ ಅರವತ್ತರ ಆಸುಪಾಸಿನಲ್ಲಿರುವ ದೊಡ್ಡ ಅಧಿಕಾರಿಗಳಲ್ಲಿ ಹೆಚ್ಚಿನವರು ಈ ವಿಷಯವನ್ನು ಕಾಲೇಜಿನಲ್ಲಿ ಓದಿ ಬಂದವರಲ್ಲ. ಯಾವುದೋ ಒಂದು ಕೋಣೆಯಲ್ಲಿ ಶುರು ಮಾಡಿ, ಗೋಡೆ ದಾಟಿ ಇನ್ನೊಂದು ಕೋಣೆಗೆ ಹೋದವರು. ಅವರ ರೆಸ್ಯೂಮೆ ಓದುವಾಗ ನಾವು ಮೇಲಕ್ಕೆ ಹೋದ ಹೆಜ್ಜೆಗಳನ್ನಷ್ಟೇ ಎಣಿಸುತ್ತೇವೆ. ನಾನು ಅಡ್ಡಕ್ಕೆ ಇಟ್ಟ ಹೆಜ್ಜೆಗಳನ್ನು ಹುಡುಕುತ್ತೇನೆ. ಮುಖ್ಯವಾದದ್ದು ಅಲ್ಲೇ ಸಿಗುತ್ತದೆ.

ಟಿಮ್ ಕುಕ್ ಅವರದನ್ನೇ ನೋಡಿ. ಎಲ್ಲರಿಗೂ ಅವರು ಆಪಲ್ ಸಿಇಒ ಆಗಿ ಗೊತ್ತು. ಆದರೆ ಅವರ ಕಸುಬು ನಿಮ್ಮದೇ. 1982ರಲ್ಲಿ ಅಲಬಾಮಾದ ಆಬರ್ನ್ ವಿಶ್ವವಿದ್ಯಾಲಯದಲ್ಲಿ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಮುಗಿಸಿ ಐಬಿಎಂ ಸೇರಿದರು. ಪರ್ಸನಲ್ ಕಂಪ್ಯೂಟರ್ ತಯಾರಿಕೆ ಮತ್ತು ವಿತರಣೆಯಲ್ಲಿ ಹನ್ನೆರಡು ವರ್ಷ ಇದ್ದರು. ಆಮೇಲೆ ಇಂಟೆಲಿಜೆಂಟ್ ಎಲೆಕ್ಟ್ರಾನಿಕ್ಸ್ ಅನ್ನುವ ಕಂಪನಿಗೆ ಹೋದರು. ಅದು ಕಂಪ್ಯೂಟರ್ ತಯಾರಿಸುವ ಕಂಪನಿ ಅಲ್ಲ, ತಗೊಂಡು ಮಾರುವ ಕಂಪನಿ. ಇದುವರೆಗೆ ಸರಕು ಮಾಡಿ ಕಳಿಸುತ್ತಿದ್ದವರು ಈಗ ಸರಕು ಬರಲಿ ಅಂತ ಕಾಯುವ ಕಡೆ ನಿಂತರು. ಅಲ್ಲಿಂದ ಕಾಂಪ್ಯಾಕ್‌ಗೆ ಹೋಗಿ ಮೆಟೀರಿಯಲ್ಸ್ ವಿಭಾಗದ ಮೇಲಧಿಕಾರಿಯಾದರು. 1998ರ ಮಾರ್ಚ್‌ನಲ್ಲಿ ಆಪಲ್ ಸೇರಿದರು. ಮಾಡುವ ಕಡೆ, ಮಾರುವ ಕಡೆ, ಕೊಳ್ಳುವ ಕಡೆ, ಮೂರನ್ನೂ ನೋಡಿದ್ದ ಅವರು ಅಲ್ಲಿ ಏನು ಮಾಡಿದರು ಅನ್ನುವುದನ್ನು ನಿಮ್ಮಂಥ ಪ್ಲಾನರ್ ಗಮನವಿಟ್ಟು ಓದಬೇಕು.

ಮುಖ್ಯ ವೆಂಡರ್‌ಗಳನ್ನು ನೂರರಿಂದ 24ಕ್ಕೆ ಇಳಿಸಿದರು. ಉಳಿದವರಲ್ಲಿ ಅನೇಕರನ್ನು ಕಾರ್ಖಾನೆಯ ಪಕ್ಕಕ್ಕೇ ಬರುವಂತೆ ಒಪ್ಪಿಸಿದರು. 19 ಗೋದಾಮುಗಳಲ್ಲಿ 10ನ್ನು ಮುಚ್ಚಿಸಿದರು. ಅವರು ಬರುವಾಗ ಸುಮಾರು ಒಂದು ತಿಂಗಳಿಗೆ ಆಗುವಷ್ಟಿದ್ದ ಸ್ಟಾಕ್ ಸೆಪ್ಟೆಂಬರ್ ಹೊತ್ತಿಗೆ ಆರು ದಿನಕ್ಕೆ ಇಳಿದಿತ್ತು. ಈ ವ್ಯವಹಾರವನ್ನು ಹಾಲಿನ ವ್ಯಾಪಾರದ ಥರ ನಡೆಸಬೇಕು, ತಾಜಾತನದ ದಿನ ದಾಟಿದರೆ ತೊಂದರೆ ಶುರು ಅನ್ನುವುದು ಅವರ ಮಾತು. ನಂದಿನಿ ಬೂತ್ ನಡೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಸಂಜೆ ಉಳಿದ ಪ್ಯಾಕೆಟ್ ಮಾರನೆಯ ದಿನಕ್ಕೆ ನಷ್ಟ. ಕಂಪ್ಯೂಟರ್ ಹಾಲಿನಂತೆ ಒಡೆಯುವುದಿಲ್ಲ, ಆದರೆ ಗೋದಾಮಿನಲ್ಲಿ ಕೂತಷ್ಟು ದಿನವೂ ಅದರ ಬೆಲೆ ಇಳಿಯುತ್ತಲೇ ಇರುತ್ತದೆ. ಮಾರುವ ಕಡೆ ಕೆಲಸ ಮಾಡಿ ಬಂದವರಿಗೆ ಆ ಇಳಿತ ಕಣ್ಣಿಗೆ ಕಾಣುತ್ತದೆ. ಬರೀ ಲೈನ್ ನೋಡಿಕೊಂಡವರಿಗೆ ಸ್ಟಾಕ್ ಅಂದರೆ ಧೈರ್ಯ, ‘ಇರಲಿ ಬಿಡಿ, ಬೇಕಾಗುತ್ತೆ’ ಅಂದುಕೊಳ್ಳುತ್ತಾರೆ. ಕುಕ್ 2005ರಲ್ಲಿ ಸಿಒಒ ಆದರು, 2011ರಲ್ಲಿ ಸಿಇಒ.

ಅದೇ ಕಂಪನಿಯಲ್ಲಿ 2025ರ ಜುಲೈನಲ್ಲಿ ಸಿಒಒ ಎಂದು ಹೆಸರಿಸಲಾದ ಸಬೀಹ್ ಖಾನ್ ಹುಟ್ಟಿದ್ದು ಉತ್ತರ ಪ್ರದೇಶದ ಮುರಾದಾಬಾದ್‌ನಲ್ಲಿ. ಓದಿದ್ದು ಅರ್ಥಶಾಸ್ತ್ರ ಮತ್ತು ಮೆಕ್ಯಾನಿಕಲ್ ಎಂಜಿನಿಯರಿಂಗ್, ಆಮೇಲೆ ಮೆಕ್ಯಾನಿಕಲ್‌ನಲ್ಲೇ ಮಾಸ್ಟರ್ಸ್. ಮೊದಲ ಕೆಲಸ ಜಿಇ ಪ್ಲಾಸ್ಟಿಕ್ಸ್‌ನಲ್ಲಿ, ದೊಡ್ಡ ಗ್ರಾಹಕರಿಗೆ ತಾಂತ್ರಿಕ ನೆರವು ಕೊಡುವ ಎಂಜಿನಿಯರ್ ಆಗಿ. ಅಂದರೆ ಅವರು ಮೊದಲು ಕೂತದ್ದು ವೆಂಡರ್ ಕಡೆಯ ಕುರ್ಚಿಯಲ್ಲಿ. 1995ರಲ್ಲಿ ಆಪಲ್‌ನ ಪರ್ಚೇಸ್ ವಿಭಾಗ ಸೇರಿ ಮೇಜಿನ ಈಚೆಗೆ ಬಂದರು. ಅಲ್ಲಿಂದ ಸಿಒಒ ಆಗಲು ಹಿಡಿದದ್ದು ಮೂವತ್ತು ವರ್ಷ. ವೆಂಡರ್ ಒಬ್ಬ ‘ಆಗಲ್ಲ ಸಾರ್’ ಅಂದಾಗ, ಅದು ನಿಜವಾಗಿ ಆಗದ ಮಾತಾ, ಬೆಲೆ ಏರಿಸಲು ಹೇಳಿದ ಮಾತಾ ಅಂತ ಬೇಗ ಗೊತ್ತಾಗುವುದು ಒಮ್ಮೆ ಆ ಕುರ್ಚಿಯಲ್ಲಿ ಕೂತವರಿಗೆ. ನಿಮ್ಮ ಕಸುಬಿನಲ್ಲಿ ಇದಕ್ಕಿಂತ ಬೆಲೆಬಾಳುವ ಜ್ಞಾನ ಹೆಚ್ಚಿಲ್ಲ.

ಕಾರು ಕಂಪನಿ ಜನರಲ್ ಮೋಟರ್ಸ್‌ನ ಸಿಇಒ ಆದ ಮೇರಿ ಬಾರ್ರಾ ಕತೆ ನನಗೆ ಇನ್ನೂ ಇಷ್ಟ. ಅವರ ತಂದೆ ಜನರಲ್ ಮೋಟರ್ಸ್‌ನಲ್ಲಿ ಡೈ ಮೇಕರ್, ಅಂದರೆ ಅಚ್ಚು ಮಾಡುವವರು. ಮಗಳು 1980ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಅದೇ ಕಂಪನಿಯಲ್ಲಿ ಓದಿನ ಜೊತೆಗೇ ಕೆಲಸಕ್ಕೆ ನಿಂತರು. ಕಾರಿನ ಬಾನೆಟ್, ಫೆಂಡರ್ ತಪಾಸಣೆ ಮಾಡುವ ಕೆಲಸ. ಎಲೆಕ್ಟ್ರಿಕಲ್ ಎಂಜಿನಿಯರ್ ಆದರು. ಮುಂದೆ ಒಂದು ಇಡೀ ಅಸೆಂಬ್ಲಿ ಪ್ಲಾಂಟ್ ನಡೆಸಿದರು, ಉತ್ಪಾದನಾ ಎಂಜಿನಿಯರಿಂಗ್‌ನ ಮುಖ್ಯಸ್ಥೆಯಾದರು. ಇಲ್ಲಿಯವರೆಗೆ ನೇರ ದಾರಿ. ಆದರೆ 2009ರಲ್ಲಿ, ಕಂಪನಿ ದಿವಾಳಿಯಾಗಿ ಎದ್ದು ಬರುತ್ತಿದ್ದ ಹೊತ್ತಿನಲ್ಲಿ, ಅವರನ್ನು ಎಚ್‌ಆರ್ ಮುಖ್ಯಸ್ಥೆ ಮಾಡಿದರು. ಉತ್ಪಾದನೆಯಲ್ಲಿ ಬೆಳೆದ ನಮ್ಮಲ್ಲಿ ಅನೇಕರು ಇಂಥ ವರ್ಗಾವಣೆಯನ್ನು ಶಿಕ್ಷೆ ಅಂದುಕೊಳ್ಳುತ್ತೇವೆ. ಅವರು ಹಾಗೆ ಅಂದುಕೊಳ್ಳಲಿಲ್ಲ. ಹತ್ತು ಪುಟಗಳ ಉಡುಪಿನ ನಿಯಮ ತೆಗೆದು, ಸರಿಯಾಗಿ ಉಡುಪು ಧರಿಸಿ ಅನ್ನುವ ಒಂದೇ ಸಾಲು ಇಟ್ಟರು. ಹತ್ತು ಪುಟ ಹೋದ ಮೇಲೆ ತೀರ್ಮಾನ ಮಾಡುವ ಹೊಣೆ ಆಯಾ ಮ್ಯಾನೇಜರ್ ಹೆಗಲಿಗೆ ಬಂತು. 2011ರಲ್ಲಿ ಕಾರುಗಳ ವಿನ್ಯಾಸ, 2013ರಲ್ಲಿ ಅದರ ಜೊತೆಗೆ ಪರ್ಚೇಸ್ ಮತ್ತು ಸಪ್ಲೈ ಚೈನ್, 2014ರ ಜನವರಿಯಲ್ಲಿ ಸಿಇಒ ಕುರ್ಚಿ.

ಈ ಎಚ್‌ಆರ್ ಹೆಜ್ಜೆಯನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣ ನಮ್ಮ ಕೋಲಾರದಲ್ಲೇ ಇದೆ. 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ಕಾರ್ಮಿಕರು ಸಿಟ್ಟಿಗೆದ್ದು ಗಾಜು, ಯಂತ್ರ, ವಾಹನ ಒಡೆದರು. ಆಮೇಲೆ ಆಪಲ್ ತಾನೇ ನಡೆಸಿದ ಪರಿಶೀಲನೆಯಲ್ಲಿ, ಕೆಲಸದ ಗಂಟೆಗಳ ಲೆಕ್ಕ ಸರಿಯಾಗಿ ಇಟ್ಟಿಲ್ಲ, ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಕೆಲವರಿಗೆ ಸಂಬಳ ತಡವಾಗಿದೆ ಎಂದು ಕಂಡಿತು. ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ವಿಸ್ಟ್ರಾನ್ ತೆಗೆದುಹಾಕಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಕೈಗೆ ಬಂತು. ಚಿಪ್ ಬಂದಿತ್ತಾ, ಸ್ಕ್ರೀನ್ ಬಂದಿತ್ತಾ ಅನ್ನುವಷ್ಟೇ ಗಟ್ಟಿಯಾಗಿ, ಹಾಜರಾತಿ ಪುಸ್ತಕ ಸರಿ ಇದೆಯಾ, ಸಂಬಳ ಹೋಗಿದೆಯಾ ಅಂತ ಕೇಳುವ ಆಪರೇಷನ್ಸ್ ಹೆಡ್ ಬೇಕು. ಆ ಕೆಲಸದವರ ಬದುಕು ಅದರ ಮೇಲೆ ನಿಂತಿದೆ. ಲೈನ್ ನಿಲ್ಲುವುದು ಆಮೇಲಿನ ಮಾತು.

ಎಂಜಿನಿಯರಿಂಗ್ ಓದಲೇಬೇಕಾ? ಡೇವ್ ಕ್ಲಾರ್ಕ್ ಓದಿದ್ದು ಸಂಗೀತ ಶಿಕ್ಷಣ. ಶಾಲೆಯಲ್ಲಿ ಮಕ್ಕಳ ಬ್ಯಾಂಡ್ ಮೇಷ್ಟ್ರಾಗಿದ್ದರು. ಆಮೇಲೆ ಟೆನೆಸ್ಸಿ ವಿಶ್ವವಿದ್ಯಾಲಯದಲ್ಲಿ ಎಂಬಿಎ ಮಾಡಿ, 1999ರಲ್ಲಿ ಅಮೆಜಾನ್ ಗೋದಾಮಿಗೆ ಬಂದರು. ಅಮೆಜಾನ್‌ನ ಇಡೀ ಆಪರೇಷನ್ಸ್ ನಡೆಸಿದರು. 2012ರಲ್ಲಿ ಅಮೆಜಾನ್ 77.5 ಕೋಟಿ ಡಾಲರ್ ಕೊಟ್ಟು ಕೀವಾ ಎಂಬ ರೋಬಾಟ್ ಕಂಪನಿಯನ್ನು ಕೊಂಡಾಗ ಅದರ ಹಿಂದೆ ನಿಂತವರಲ್ಲಿ ಅವರೂ ಒಬ್ಬರು. ಒಂದು ಕ್ಲಾಸ್ ತುಂಬ ಮಕ್ಕಳು ಬೇರೆ ಬೇರೆ ವಾದ್ಯ ಹಿಡಿದು ಕೂತಾಗ ಎಲ್ಲರನ್ನೂ ಒಂದು ತಾಳಕ್ಕೆ ತರುವ ಕಷ್ಟ ಗೊತ್ತಿದ್ದವರು ಅವರು. ಗೋದಾಮಿನ ಶಿಫ್ಟ್ ನಡೆಸುವುದು ಅದರಿಂದ ತೀರಾ ದೂರದ ಕೆಲಸ ಅಲ್ಲ ಅಂತ ನನಗನ್ನಿಸುತ್ತದೆ.

ಡಿಗ್ರಿಯೇ ಇಲ್ಲದವರು ಬೇಕಾದರೆ ತೈಚಿ ಓನೋ ಇದ್ದಾರೆ. ಬಿಡದಿಯ ಟೊಯೋಟಾಗೆ ಪಾರ್ಟ್ಸ್ ಕೊಡುವವರಿಗೆ ಬೇಕಾದಾಗ ಬೇಕಾದಷ್ಟೇ ಪಾರ್ಟ್ಸ್ ತರಿಸುವ ಕಾನ್ಬನ್ ಕಾರ್ಡ್ ಗೊತ್ತಿರುತ್ತದಲ್ಲ, ಆ ಪದ್ಧತಿ ಕಟ್ಟಿದವರು. ನಗೋಯಾದ ತಾಂತ್ರಿಕ ಶಾಲೆ ಮುಗಿಸಿ 1932ರಲ್ಲಿ ಟೊಯೋಡಾ ಕುಟುಂಬದ ನೂಲಿನ ಗಿರಣಿ ಸೇರಿದರು. 1943ರಲ್ಲಿ ಕಾರು ಕಾರ್ಖಾನೆಗೆ ಬಂದರು. ಗಿರಣಿಯಲ್ಲಿ ಒಬ್ಬ ಹೆಣ್ಣುಮಗಳು ಹಲವು ಮಗ್ಗ ನೋಡಿಕೊಳ್ಳುತ್ತಿದ್ದಳು. ಯಾಕೆಂದರೆ ಅಲ್ಲಿನ ಮಗ್ಗ ನೂಲು ತುಂಡಾದ ತಕ್ಷಣ ತಾನೇ ನಿಲ್ಲುತ್ತಿತ್ತು. ಕಾರು ಕಾರ್ಖಾನೆಯಲ್ಲಿ ಮಾತ್ರ ಒಂದು ಯಂತ್ರಕ್ಕೆ ಒಬ್ಬ ಮನುಷ್ಯ ಕಾವಲು. ಇದು ಯಾಕೆ ಹೀಗೆ ಅನ್ನುವ ಪ್ರಶ್ನೆ, ಕಾರು ಕಾರ್ಖಾನೆಯಲ್ಲೇ ಬೆಳೆದವರಿಗೆ ಬರುವುದು ಕಷ್ಟ. ಗಿರಣಿ ನೋಡಿ ಬಂದವರಿಗೆ ಬಂತು. ಮಷೀನ್ ಶಾಪ್‌ನಲ್ಲಿ ಒಬ್ಬರಿಗೆ ಎರಡು, ಆಮೇಲೆ ಮೂರು ಯಂತ್ರ ಕೊಟ್ಟು ನೋಡಿದರು. ಸುಲಭವಾಗಿ ಏನೂ ಆಗಲಿಲ್ಲ, ಕೆಲಸದವರ ವಿರೋಧವೂ ಇತ್ತು. 1975ರಲ್ಲಿ ಅವರು ಟೊಯೋಟಾದ ಕಾರ್ಯಕಾರಿ ಉಪಾಧ್ಯಕ್ಷರಾದರು. ಅಡ್ಡ ಹೆಜ್ಜೆಯಿಂದ ಏನು ಸಿಗುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ.

ಸೈನ್ಯದಿಂದ ಬಂದವರೂ ಇದ್ದಾರೆ. 1991ರ ಗಲ್ಫ್ ಯುದ್ಧದಲ್ಲಿ ಅಮೆರಿಕದ ಪಡೆಗಳ ಸಾಗಾಟ ನೋಡಿಕೊಂಡ ಜನರಲ್ ಗಸ್ ಪಗೋನಿಸ್ 1993ರಲ್ಲಿ ಸಿಯರ್ಸ್ ಅಂಗಡಿಗಳ ಲಾಜಿಸ್ಟಿಕ್ಸ್ ಮುಖ್ಯಸ್ಥರಾದರು. ವಾಲ್‌ಮಾರ್ಟ್‌ಗೆ 2014ರಲ್ಲಿ ಸಿಇಒ ಆದ ಡಗ್ ಮ್ಯಾಕ್‌ಮಿಲನ್, 1984ರ ಬೇಸಿಗೆ ರಜೆಯಲ್ಲಿ ಅದೇ ಕಂಪನಿಯ ಗೋದಾಮಿನಲ್ಲಿ ಟ್ರಕ್‌ನಿಂದ ಸರಕು ಇಳಿಸುತ್ತಿದ್ದರು. ಮುಂದೆ ಪರ್ಚೇಸ್ ಕಡೆಗೆ ಬಂದು ಬೆಳೆದರು.

ಈಗ ಐಐಎಂ ಪ್ರಶ್ನೆ. ಎಂಬಿಎ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಮೇಲೆ ಹೇಳಿದವರಲ್ಲಿ ಹಲವರ ಹತ್ತಿರ ಅದು ಇದೆ. ಆದರೆ ಯಾವಾಗ ಮಾಡಿದರು ನೋಡಿ. ಕುಕ್ ಐಬಿಎಂನಲ್ಲಿ ಕೆಲಸ ಮಾಡುತ್ತಲೇ ಡ್ಯೂಕ್ ವಿಶ್ವವಿದ್ಯಾಲಯದ ಸಂಜೆ ತರಗತಿಗೆ ಹೋಗಿ 1988ರಲ್ಲಿ ಮುಗಿಸಿದರು. ಬಾರ್ರಾ ಅವರನ್ನು ಕಂಪನಿಯೇ ಫೆಲೋಶಿಪ್ ಕೊಟ್ಟು ಸ್ಟ್ಯಾನ್‌ಫರ್ಡ್‌ಗೆ ಕಳಿಸಿತು, 1990ರಲ್ಲಿ ಮುಗಿಯಿತು. ಶಾಪ್ ಫ್ಲೋರ್ ಕಂಡ ಮೇಲೆ ಓದಿದರೆ ಪ್ರತಿ ಪಾಠಕ್ಕೂ ನಿಮ್ಮ ಕಣ್ಣೆದುರು ಒಂದು ಉದಾಹರಣೆ ಇರುತ್ತದೆ. ನಿಮಗೆ ಏಳು ವರ್ಷದ ಅನುಭವ ಇದೆ. ಪೂರ್ತಿ ಕೆಲಸ ಬಿಟ್ಟು, ಸಾಲ ಮಾಡಿ ಹೋಗಿ ಅಂತ ನಾನು ಹೇಳಲಾರೆ. ಕೆಲಸದ ಜೊತೆಗೆ ಮಾಡುವ ಕೋರ್ಸ್‌ಗಳಿವೆ. ಎಎಸ್‌ಸಿಎಂ ಎಂಬ ಸಪ್ಲೈ ಚೈನ್ ಸಂಸ್ಥೆಯ ಸಿಪಿಐಎಂ (ಪ್ಲಾನಿಂಗ್ ಮತ್ತು ಇನ್ವೆಂಟರಿ), ಸಿಎಸ್‌ಸಿಪಿ (ಇಡೀ ಸಪ್ಲೈ ಚೈನ್) ಪರೀಕ್ಷೆಗಳಿವೆ. ಹಳಬರು ಆ ಸಂಸ್ಥೆಯನ್ನು ಇನ್ನೂ ಎಪಿಕ್ಸ್ ಅಂತಲೇ ಕರೆಯುತ್ತಾರೆ. ನೀವು ಪ್ಲಾನಿಂಗ್‌ನವರಾದ ಕಾರಣ ಸಿಪಿಐಎಂ ನಿಮಗೆ ಅರ್ಧ ಗೊತ್ತಿರುವ ವಿಷಯವೇ. ಪ್ರಮಾಣಪತ್ರ ಬಾಗಿಲು ತೆಗೆಸುತ್ತದೆ, ಅಷ್ಟೇ. ಒಳಗೆ ಹೋದ ಮೇಲೆ ಯಾವ ಗಂಟು ಬಿಡಿಸಿದ್ದೀರಿ ಅಂತಲೇ ಕೇಳುತ್ತಾರೆ.

ನೇರವಾಗಿ ದೊಡ್ಡ ಕಾಲೇಜಿನಿಂದ ಕನ್ಸಲ್ಟಿಂಗ್‌ಗೆ ಹೋಗಿ, ಅಲ್ಲಿಂದ ಈ ಕ್ಷೇತ್ರಕ್ಕೆ ಬಂದವರೂ ಉಂಟು. ಪಾರ್ಸೆಲ್ ಸಾಗಿಸುವ ‘ಡೆಲ್ಲಿವರಿ’ (Delhivery) ಎಂಬ ಕಂಪನಿ ಕಟ್ಟಿದ ಸಾಹಿಲ್ ಬರುವಾ ಸುರತ್ಕಲ್ ಎನ್‌ಐಟಿಕೆಯಲ್ಲಿ ಮೆಕ್ಯಾನಿಕಲ್, ಐಐಎಂ ಬೆಂಗಳೂರಿನಲ್ಲಿ ಮ್ಯಾನೇಜ್‌ಮೆಂಟ್ ಓದಿ, ಬೇನ್ ಕಂಪನಿಯಲ್ಲಿ ಕನ್ಸಲ್ಟೆಂಟ್ ಆಗಿದ್ದವರು. ಆದರೆ ಅದು ಸ್ವಂತ ಕಂಪನಿ ಕಟ್ಟಿದವರ ದಾರಿ. ಅದನ್ನು ನಿಮ್ಮ ಪಕ್ಕ ಇಟ್ಟು ಅಳೆಯಬೇಡಿ.

ನಿಮ್ಮ ಎಸ್‌ಎಪಿ ಆಫರ್‌ಗೆ ಹತ್ತಿರದ ಉದಾಹರಣೆ ಜೆಫ್ ವಿಲ್ಕಿ. ಪ್ರಿನ್ಸ್‌ಟನ್‌ನಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿ ಆಂಡರ್ಸನ್ ಕನ್ಸಲ್ಟಿಂಗ್‌ನಲ್ಲಿ ಐಟಿ ಕೆಲಸಕ್ಕೆ ಸೇರಿದರು. ಅಲ್ಲೇ ಉಳಿಯಲಿಲ್ಲ. ಎಂಐಟಿಯಲ್ಲಿ ಉತ್ಪಾದನೆಯ ಬಗ್ಗೆಯೇ ಇರುವ ಕೋರ್ಸ್ ಮಾಡಿ, 1993ರಲ್ಲಿ ಮುಗಿಸಿ, ಅಲೈಡ್‌ಸಿಗ್ನಲ್‌ನ ತಯಾರಿಕೆಯ ವ್ಯವಹಾರಕ್ಕೆ ಹೋದರು. 1999ರಲ್ಲಿ ಅಮೆಜಾನ್ ಅವರನ್ನು ಕರೆದು ಆಪರೇಷನ್ಸ್ ಒಪ್ಪಿಸಿತು. ಗೋದಾಮನ್ನು ಅಂಗಡಿಯ ಹಿಂದಿನ ಕೋಣೆ ಅಂತ ನೋಡದೆ ಒಂದು ಕಾರ್ಖಾನೆ ಅಂತ ನೋಡಿದರು. ಐಟಿಯಲ್ಲಿ ಶುರು ಮಾಡಿದರೆ ಬಾಗಿಲು ಮುಚ್ಚುವುದಿಲ್ಲ ಅನ್ನುವುದಕ್ಕೆ ಅವರೇ ಸಾಕ್ಷಿ. ಆದರೆ ಅವರ ದಿಕ್ಕು ಕಂಪ್ಯೂಟರ್‌ನಿಂದ ಕಾರ್ಖಾನೆಗೆ. ನೀವು ಕೇಳುತ್ತಿರುವುದು ಉಲ್ಟಾ ದಿಕ್ಕು.

ಎಸ್‌ಎಪಿ ಕೆಲಸ ಒಳ್ಳೆಯ ಕೆಲಸ. ನಾಲ್ಕಾರು ಕಂಪನಿಗಳ ಒಳಗು ನೋಡಲು ಸಿಗುತ್ತದೆ. ಮನೆಯಲ್ಲಿ ಹಣದ ಅಗತ್ಯ ಇದ್ದರೆ, ಅಪ್ಪ ಅಮ್ಮನ ಆಸ್ಪತ್ರೆ ಖರ್ಚೋ ಮನೆಯ ಸಾಲವೋ ಇದ್ದರೆ, ಸುಮ್ನೆ ಅದನ್ನೇ ತಗೊಳ್ಳಿ, ನನ್ನ ಮಾತು ಕೇಳಬೇಡಿ. ಆದರೆ ನಿಮ್ಮ ಗುರಿ ಸಿಒಒ ಕುರ್ಚಿ ಅಂದಿರಿ. ಸಿಸ್ಟಮ್ ಹಾಕಿಕೊಟ್ಟವರು ಪ್ರಾಜೆಕ್ಟ್ ಮುಗಿದ ಮೇಲೆ ಎದ್ದು ಹೋಗುತ್ತಾರೆ. ಆ ಸಿಸ್ಟಮ್‌ನಲ್ಲಿ ಸ್ಟಾಕ್ ತಪ್ಪು ತೋರಿಸಿದ ದಿನ ಲೈನ್ ಮುಂದೆ ನಿಲ್ಲುವವರು ಬೇರೆ.

ಅಂಥ ಒಂದು ದಿನ ನನಗೆ ಇನ್ನೂ ನೆನಪಿದೆ. ನಾನೂ ನಿಮ್ಮ ಹಾಗೆ ಪ್ಲಾನರ್ ಆಗಿದ್ದೆ. ಕೆಲವೇ ರೂಪಾಯಿ ಬೆಲೆಯ ಒಂದು ಸರ್ಕ್ಲಿಪ್, ಅಂದರೆ ಭಾಗ ಜಾರದಂತೆ ಹಿಡಿಯುವ ಸಣ್ಣ ಲೋಹದ ಬಳೆ. ಕಂಪ್ಯೂಟರ್‌ನಲ್ಲಿ ಆರು ಸಾವಿರ ಸ್ಟಾಕ್ ಇತ್ತು. ಅದನ್ನು ನಂಬಿ ರಾತ್ರಿ ಶಿಫ್ಟ್‌ಗೆ ಪ್ಲಾನ್ ಹಾಕಿದೆ. ಬೆಳಗಿನ ಜಾವ ಫೋನ್ ಬಂತು, ಲೈನ್ ಸ್ಟಾಪ್. ಸ್ಟೋರ್ಸ್‌ಗೆ ಹೋಗಿ ನೋಡಿದರೆ ಆರು ಸಾವಿರವೂ ಇದ್ದವು. ಆದರೆ ಅದು ಕ್ವಾಲಿಟಿಯವರು ರಿಜೆಕ್ಟ್ ಮಾಡಿದ ಲಾಟ್. ಕೆಂಪು ಟ್ಯಾಗ್ ಹಾಕಿದ್ದರು, ಸಿಸ್ಟಮ್‌ನಲ್ಲಿ ಎಂಟ್ರಿ ಮಾಡಿರಲಿಲ್ಲ. ಎರಡು ಶಿಫ್ಟ್ ಲೈನ್ ನಿಂತಿತು. ಸ್ಟೋರ್ಸ್ ನನ್ನ ಕುರ್ಚಿಯಿಂದ ಇನ್ನೂರು ಹೆಜ್ಜೆ ದೂರ ಇತ್ತು. ತಿಂಗಳುಗಟ್ಟಲೆ ನಾನು ಅಲ್ಲಿಗೆ ಹೋಗಿರಲಿಲ್ಲ. ಆ ವಾರವೇ ಬಾಸ್ ಹತ್ತಿರ ಹೋಗಿ, ಒಂದು ವರ್ಷ ಸ್ಟೋರ್ಸ್‌ಗೆ ಹಾಕಿ ಅಂತ ಕೇಳಿದೆ. ಗ್ರೇಡ್ ಏರಲಿಲ್ಲ. ಸ್ನೇಹಿತರು ಅಯ್ಯೋ ಅಂದರು. ಮುಂದೆ ನನಗೆ ಸಿಕ್ಕ ಪ್ರತಿ ದೊಡ್ಡ ಕೆಲಸದ ಇಂಟರ್‌ವ್ಯೂನಲ್ಲೂ ಆ ಒಂದು ವರ್ಷದ ಬಗ್ಗೆಯೇ ಹೆಚ್ಚು ಮಾತಾಡಿದ್ದು.

ಇನ್ನೊಂದು ಮಾತು ಹೇಳಲೇಬೇಕು. ಪ್ಲಾನಿಂಗ್, ಸ್ಟೋರ್ಸ್, ಡಿಸ್ಪ್ಯಾಚ್‌ನಲ್ಲಿ ಬೆಳೆದವರು ಎಲ್ಲವನ್ನೂ ಪೀಸ್‌ಗಳ ಲೆಕ್ಕದಲ್ಲಿ ಹೇಳುತ್ತೇವೆ. ಮೇಲಿನವರು ಕೇಳುವುದು ರೂಪಾಯಿ ಭಾಷೆ. ಒಂದು ಲೆಕ್ಕ ಹಾಕೋಣ. ನಿಮ್ಮ ಪ್ಲಾಂಟ್ ವರ್ಷಕ್ಕೆ 120 ಕೋಟಿ ರೂಪಾಯಿಯ ಸಾಮಗ್ರಿ ಬಳಸುತ್ತದೆ ಅಂದುಕೊಳ್ಳಿ. ತಿಂಗಳಿಗೆ 10 ಕೋಟಿ. ಎರಡು ತಿಂಗಳ ಸ್ಟಾಕ್ ಇಟ್ಟರೆ 20 ಕೋಟಿ ಕಪಾಟಿನಲ್ಲಿ ಕೂತಿದೆ. ಅದನ್ನು ಒಂದೂವರೆ ತಿಂಗಳಿಗೆ ಇಳಿಸಿದರೆ 5 ಕೋಟಿ ಕೈಗೆ ಬಂತು. ಬ್ಯಾಂಕ್ ಬಡ್ಡಿ ಶೇ 10 ಅಂದರೆ ವರ್ಷಕ್ಕೆ 50 ಲಕ್ಷ ಉಳಿತಾಯ. ಲೈನ್ ನಿಲ್ಲದೆ ಇದನ್ನು ಮಾಡಿ ತೋರಿಸಿದವರನ್ನು ಫೈನಾನ್ಸ್‌ನವರು ಮೀಟಿಂಗ್‌ಗೆ ಕರೆಯಲು ಶುರು ಮಾಡುತ್ತಾರೆ. ಆ ಮೀಟಿಂಗ್ ಕೋಣೆಯೂ ದಾಟಬೇಕಾದ ಒಂದು ಗೋಡೆ. ನಿಮ್ಮ ಕಂಪನಿಯ ಬ್ಯಾಲೆನ್ಸ್ ಶೀಟ್ ಈ ವಾರ ತೆಗೆದು, ಇನ್ವೆಂಟರಿ ಅನ್ನುವ ಸಾಲು ಎಷ್ಟಿದೆ ನೋಡಿ.

ಇದನ್ನೆಲ್ಲ ಮಾಡಿದವರೆಲ್ಲ ಸಿಒಒ ಆದರು ಅಂತ ಹೇಳಿದರೆ ನಿಮಗೆ ಮೋಸ ಮಾಡಿದಂತೆ. ನಾನು ಹೇಳಿದ್ದು ಮೇಲೆ ಹೋದವರ ಕತೆ. ಇಷ್ಟೇ ದುಡಿದು, ಇಷ್ಟೇ ಕೋಣೆ ದಾಟಿ, ಪ್ಲಾಂಟ್ ಮಟ್ಟದಲ್ಲೇ ಉಳಿದವರು ತುಂಬ ಜನ ಇದ್ದಾರೆ. ಮಾಲೀಕರ ಮನೆಯವರೇ ಕುರ್ಚಿಯಲ್ಲಿ ಕೂರುವ ಕಂಪನಿಗಳು ನಮ್ಮಲ್ಲಿ ಕಡಿಮೆ ಇಲ್ಲ. ಅಂಥ ಕಡೆ ಎಷ್ಟು ಅಡ್ಡ ಹೆಜ್ಜೆ ಇಟ್ಟರೂ ಒಂದು ಹಂತದ ಮೇಲೆ ಇನ್ನೊಂದು ಕಂಪನಿಗೆ ಹೋಗಬೇಕಾಗುತ್ತದೆ. ನಿಮ್ಮದು ಅಂಥ ಕಂಪನಿಯಾ ಅಂತ ನಿಮಗೇ ಗೊತ್ತಿರುತ್ತದೆ. ಆದರೂ ವೇಮಗಲ್‌ನಲ್ಲಿ ಕಲಿತದ್ದನ್ನು ಅಲ್ಲೇ ಬಿಟ್ಟು ಬರಬೇಕಿಲ್ಲ.

ವೇಮಗಲ್‌ಗೆ ಹೋಗಿ ಅನ್ನುವುದು ನನ್ನ ಉತ್ತರ. ಹೊಸ ಪ್ಲಾಂಟ್ ಅಂದರೆ ವೆಂಡರ್‌ಗಳನ್ನು ಮೊದಲಿಂದ ಹುಡುಕಬೇಕು, ಸ್ಟೋರ್ಸ್‌ನ ಮೊದಲ ಕಪಾಟು ಎಲ್ಲಿಡಬೇಕು ಅನ್ನುವುದರಿಂದ ತೀರ್ಮಾನ ಆಗಬೇಕು. ಹಳೆಯ ಪ್ಲಾಂಟ್‌ನಲ್ಲಿ ಹತ್ತು ವರ್ಷಕ್ಕೂ ಸಿಗದ ಅವಕಾಶ ಅದು. ಆದರೆ ಹೂಂ ಅನ್ನುವ ಮೊದಲು ಕಂಪನಿಯವರನ್ನು ಮೂರು ಪ್ರಶ್ನೆ ಕೇಳಿ. ಪರ್ಚೇಸ್ ಜೊತೆ ಸ್ಟೋರ್ಸ್ ಕೂಡ ನಿಮ್ಮ ಕೈಗೆ ಕೊಡುತ್ತಾರಾ? ಬೆಲೆ ಮಾತಾಡುವ ಅಧಿಕಾರ ನಿಮಗಿದೆಯಾ, ಇಲ್ಲ ಪೀಣ್ಯದಲ್ಲಿ ತೀರ್ಮಾನವಾದ ಆರ್ಡರ್‌ಗೆ ಸಹಿ ಹಾಕುವ ಕೆಲಸ ಮಾತ್ರವಾ? ಎರಡು ವರ್ಷದ ನಂತರ ಎಲ್ಲಿಗೆ ಅನ್ನುವುದನ್ನು ಇಮೇಲ್‌ನಲ್ಲಿ ಬರೆದು ಕೊಡುತ್ತಾರಾ? ಮೊದಲ ಎರಡಕ್ಕೆ ಇಲ್ಲ ಅಂದರೆ ಅದು ಬರೀ ಊರು ಬದಲಾವಣೆ, ಆಗ ನಾನು ಮೇಲೆ ಹೇಳಿದ ಲೆಕ್ಕ ನಿಮ್ಮ ಆಫರ್‌ಗೆ ಹೊಂದುವುದಿಲ್ಲ. ಮೂರನೆಯದಕ್ಕೆ ಮಾತ್ರ ಇಲ್ಲ ಅಂದರೆ, ಹೋಗಿ. ಎರಡು ವರ್ಷದಲ್ಲಿ ಆ ಪ್ಲಾಂಟ್‌ನ ಸ್ಟಾಕ್ ಎಷ್ಟು ದಿನದಿಂದ ಎಷ್ಟು ದಿನಕ್ಕೆ ಬಂತು ಅನ್ನುವುದನ್ನು ಪ್ರತಿ ತಿಂಗಳೂ ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಇಂಟರ್‌ವ್ಯೂಗೆ ಹೋಗುವಾಗ ಆ ಪುಸ್ತಕ ತೆಗೆದು ಒಮ್ಮೆ ಓದಿಕೊಂಡು ಹೋಗಿ.